ಉಗ್ರನಾದಕ್ಕೆ ಹೊಣೆ ಯಾರು?

ಕರ್ಕಶವಾದ ಸದ್ದಿನಲ್ಲಿ ದೈವ ಇದ್ದೀತೇ ಎಂಬ ಪ್ರಶ್ನೆ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಸೀಮೆಯಲ್ಲಿ ಹುಟ್ಟುವುದೇ ಕಷ್ಟ. ಗುರು ಕೊಟ್ಟೂರೇಶ್ವರನ ತೇರಿನ ಮುಂದೆ ಸಮಾಳವೆಂಬ ಚರ್ಮವಾದ್ಯ ಬಡಿಯುವಾಗ ಆ ಪೆಟ್ಟು ಮೊದಲು ಎದೆಗೂಡಿಗೆ ತಾಗಿ ಆಮೇಲೆ ಕಿವಿಗೆ ಮುಟ್ಟುತ್ತದೆ. ವೀರಭದ್ರನ ಗುಗ್ಗಳದ ಮೆರವಣಿಗೆಯಲ್ಲಿ ಪುರವಂತರು ಅವನ ಕಥೆಯ ಒಡಪು ಹೇಳುವುದು ಇಂಪಿನ ದನಿಯಲ್ಲಲ್ಲ, ಗಂಟಲು ಹರಿಯುವಂಥ ಅಬ್ಬರದಲ್ಲಿ. ಇಂಥ ನೆಲದಲ್ಲಿ ನಿಂತು ಹೆವಿ ಮೆಟಲ್ ಮತ್ತು ಪಂಕ್ ಆಲ್ಬಂಗಳ ವಿಮರ್ಶೆಯನ್ನು ಕುರಿತು ಯೋಚಿಸಿದರೆ, ಆ ಸಂಗೀತದ ಬಗ್ಗೆ ರೂಢಿಯಲ್ಲಿರುವ ಎರಡು ತೀರ್ಪುಗಳೂ ಸಾಲುವುದಿಲ್ಲವೆಂದು ತೋರುತ್ತದೆ. ಹೊರಗಿನವರ ತೀರ್ಪು, ಇದು ಬರಿಯ ಗದ್ದಲ, ಪಿಶಾಚಿಯ ಪೂಜೆ ಎಂದು. ಒಳಗಿನವರ ತೀರ್ಪು, ಎಷ್ಟು ವೇಗ, ಎಷ್ಟು ಕ್ರೂರ, ಎಷ್ಟು ಕತ್ತಲೆಯೋ ಅಷ್ಟೂ ಶ್ರೇಷ್ಠ ಎಂದು. ಇಬ್ಬರೂ ಅಳೆಯುತ್ತಿರುವುದು ಉಗ್ರತೆಯ ಪ್ರಮಾಣವನ್ನು ಮಾತ್ರ. ಉಗ್ರನಾದದ ಮುಂದೆ ಕೇಳಬೇಕಾದ ಪ್ರಶ್ನೆ ಅದು ಎಷ್ಟಿದೆ ಎಂಬುದಲ್ಲ. ಅದಕ್ಕೆ ಬೆಲೆ ತೆರುತ್ತಿರುವವರು ಯಾರು, ಅದು ಯಾರಿಗೆ ಉತ್ತರ ಕೊಡುತ್ತದೆ ಎಂಬುದು. ಇದು ನನ್ನ ವಾದ. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂದು ಈ ಸೀಮೆಯ ಜನ ಹೇಳುತ್ತಾರೆ. ಉಜ್ಜಿನಿಯ ಮರುಳಸಿದ್ಧೇಶ್ವರ ದೇಗುಲದ ಕೆತ್ತನೆ ಬಾಗಿಲು ದಾಟಿದವನಿಗಷ್ಟೇ ಕಾಣುತ್ತದೆ. ಈ ಸಂಗೀತವೂ ಹಾಗೆ.

ಪಿಶಾಚಿಯ ಆರೋಪವನ್ನು ಮೊದಲು ಪರೀಕ್ಷಿಸೋಣ. 1970ರ ಫೆಬ್ರವರಿ 13ರಂದು ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ ಹೊರಬಂತು. ಮಳೆ, ಗುಡುಗು, ದೂರದ ಚರ್ಚಿನ ಗಂಟೆ. ಆಮೇಲೆ ಮೂರೇ ಸ್ವರಗಳ ಒಂದು ನಿಧಾನ ಗಿಟಾರ್ ಪಲುಕು. ಹೆವಿ ಮೆಟಲ್ ಎಂಬ ಪ್ರಕಾರ ಅಲ್ಲಿಂದ ಶುರುವಾಯಿತೆಂದು ಬಹುಮಂದಿ ಒಪ್ಪುತ್ತಾರೆ. ಆ ಪಲುಕಿನಲ್ಲಿರುವುದು ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ನಡುವಿನ ಅಂತರ. ಪಾಶ್ಚಾತ್ಯ ಸಂಗೀತದ ಪಂಡಿತರು ಒಂದು ಕಾಲದಲ್ಲಿ ಅದನ್ನು ಸಂಗೀತದೊಳಗಿನ ಸೈತಾನನೆಂದು ಕರೆದರು. ಅದೇ ಅಂತರ ನಮ್ಮ 72 ಮೇಳಕರ್ತ ರಾಗಗಳಲ್ಲಿ ಸರಿಯಾಗಿ ಅರ್ಧದಲ್ಲಿ, 36 ರಾಗಗಳಲ್ಲಿ ಇದೆ. ಅವುಗಳಲ್ಲಿ 65ನೆಯದಾದ ಕಲ್ಯಾಣಿ ಹೆಸರಿನಲ್ಲೂ ಬಳಕೆಯಲ್ಲೂ ಮಂಗಳಕರ. ಹಾಗಾದರೆ ಸೈತಾನ ಸ್ವರದಲ್ಲಿಲ್ಲ. ಕಲ್ಯಾಣಿಯಲ್ಲಿ ಆ ಮಧ್ಯಮಕ್ಕೆ ಮುಂದೆ ಪಂಚಮ ಕಾದಿರುತ್ತದೆ, ಹಿಂದೆ ಗಾಂಧಾರದ ಆಸರೆ ಇರುತ್ತದೆ. ಬ್ಲ್ಯಾಕ್ ಸಬ್ಬತ್ ಅದನ್ನು ಆಸರೆಯಿಲ್ಲದೆ ನಡುನೀರಿನಲ್ಲಿ ನಿಲ್ಲಿಸಿತು. ಭಯ ಹುಟ್ಟುವುದು ಸ್ವರ ತಲುಪಬೇಕಾದಲ್ಲಿಗೆ ತಲುಪದೆ ಉಳಿದದ್ದರಿಂದ. ಪಾಪಪುಣ್ಯವನ್ನು ಅಂತರದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ವಿಮರ್ಶೆ ಕಿವಿಯನ್ನು ಬಳಸಿಯೇ ಇಲ್ಲ.

ರೌದ್ರ, ಭಯಾನಕ, ಬೀಭತ್ಸಗಳನ್ನು ಭರತನೇ ಎಂಟು ರಸಗಳಲ್ಲಿ ಸೇರಿಸಿದ್ದಾನಲ್ಲ, ಅಲ್ಲಿಗೆ ಚರ್ಚೆ ಮುಗಿಯಿತು ಎನ್ನುವವರಿದ್ದಾರೆ. ಮುಗಿಯುವುದಿಲ್ಲ. ಕೋಪವನ್ನು ರಂಗದ ಮೇಲೆ ಸವಿಯಬಹುದೆಂದು ರಸಸಿದ್ಧಾಂತ ತೋರಿಸುತ್ತದೆ. ಕೋಪ ನ್ಯಾಯವಾದದ್ದೇ ಎಂಬುದನ್ನು ಅದು ಕೇಳುವುದಿಲ್ಲ. ಧರ್ಮದ ಪ್ರಶ್ನೆ ಅಲ್ಲಿಂದಾಚೆಗೆ ಶುರುವಾಗುತ್ತದೆ.

ಪುರವಂತನ ಮಾದರಿ ನೆರವಿಗೆ ಬರುವುದು ಇಲ್ಲಿಯೇ. ಅವನು ಆಡಿ ತೋರಿಸುವ ಕಥೆ ಅತ್ಯಂತ ಹಿಂಸೆಯದು: ದಕ್ಷ ಯಜ್ಞ ಮಾಡಿದ, ಅಳಿಯ ಶಿವನನ್ನು ಕರೆಯಲಿಲ್ಲ, ಬಂದ ಮಗಳನ್ನು ಅವಮಾನಿಸಿದ, ದಾಕ್ಷಾಯಣಿ ಬೆಂಕಿಗೆ ಬಿದ್ದಳು, ವೀರಭದ್ರ ಹುಟ್ಟಿ ಯಜ್ಞಶಾಲೆಯನ್ನು ಧ್ವಂಸ ಮಾಡಿದ. ಈ ಕಥೆಯನ್ನು ಒಡಪಿನಲ್ಲಿ ಕೂಗುತ್ತ, ಸಮಾಳದ ಅಬ್ಬರದ ನಡುವೆ ಪುರವಂತ ಖಡ್ಗ ಹಿಡಿದು ಕುಣಿಯುತ್ತಾನೆ. ಆದರೆ ಆವೇಶ ತುದಿಗೇರಿದಾಗ ಅವನ ಶಸ್ತ್ರ ಯಾರ ಮೇಲೆ ಬೀಳುತ್ತದೆ? ಎದುರಿಗಿದ್ದವನ ಮೇಲಲ್ಲ. ಅವನದೇ ಕೆನ್ನೆಯನ್ನು, ಅವನದೇ ನಾಲಗೆಯನ್ನು ತೂರಿಕೊಂಡು ಹೋಗುತ್ತದೆ. ಶಸ್ತ್ರ ಹಾಕಿಸಿಕೊಳ್ಳುವುದಕ್ಕೆ ಮೊದಲು ಮಡಿ ಇದೆ, ಉಪವಾಸ ಇದೆ. ಮೆರವಣಿಗೆ ಹೊರಡುವ ಜಾಗ ಗೊತ್ತು, ಮುಗಿಯುವ ಜಾಗ ಗೊತ್ತು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿಯೂ ಇದೇ ನ್ಯಾಯ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಕಂಚವೀರರು ಪವಾಡ ಮಾಡುವಾಗ ರಕ್ತ ಬರುವುದು ಅವರ ಕಾಲಿನಿಂದ; ಕಬ್ಬಿಣದ ಸರಪಳಿ ಹರಿಯುವ ಪವಾಡದಲ್ಲಿ ಹರಿಯಬೇಕಾದದ್ದು ಸರಪಳಿಯೇ ಹೊರತು ಇನ್ನೊಬ್ಬನ ಮೈಯಲ್ಲ. ಇವನ್ನೆಲ್ಲ ಮೌಢ್ಯವೆಂದು ಕರೆಯುವ ವಿಚಾರವಂತರ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ದೇಹವನ್ನು ನೋಯಿಸಿಕೊಳ್ಳದೆಯೂ ಭಕ್ತಿ ಸಾಧ್ಯ, ಹಾಗಿರುವುದೇ ಒಳ್ಳೆಯದು. ನನಗೆ ಇಲ್ಲಿ ಬೇಕಾದದ್ದು ನೋವಿನ ಸಮರ್ಥನೆಯಲ್ಲ, ಆ ಆಚರಣೆಯೊಳಗಿನ ನೀತಿ: ಉಗ್ರತೆಯನ್ನು ಕರೆದವನೇ ಅದರ ಬೆಲೆ ತೆರಬೇಕು.

ಈ ಅಳತೆಯನ್ನು ನಾರ್ವೆಗೆ ಒಯ್ದರೆ ಏನಾಗುತ್ತದೆ ನೋಡಿ. ಹನ್ನೆರಡನೆಯ ಶತಮಾನದ ಮರದ ಕಟ್ಟಡವಾದ ಫಾಂಟಾಫ್ಟ್ ಚರ್ಚು 1992ರ ಜೂನ್ 6ರಂದು ಬೆಂಕಿಗೆ ಆಹುತಿಯಾಯಿತು. ಅದನ್ನು ಕಟ್ಟಿದ್ದು ನಮ್ಮಲ್ಲಿ ಬಸವಣ್ಣನವರ ಕಲ್ಯಾಣ ನಡೆದ ಶತಮಾನದಲ್ಲಿ. ನಾರ್ವೆಯ ಬ್ಲ್ಯಾಕ್ ಮೆಟಲ್ ಗುಂಪಿನ ನಂಟಿದ್ದ ಚರ್ಚುಗಳ ದಹನ ಆಮೇಲೂ ಮುಂದುವರಿಯಿತು. ಮರುವರ್ಷ ಬರ್ಜಮ್ ಎಂಬ ಏಕವ್ಯಕ್ತಿ ತಂಡದ ಆಸ್ಕೆ ಎಂಬ ರೆಕಾರ್ಡು ಬಂದಾಗ ಹೊದಿಕೆಯ ಮೇಲೆ ಸುಟ್ಟು ನಿಂತ ಅದೇ ಚರ್ಚಿನ ಚಿತ್ರವಿತ್ತು. ಅದೇ 1993ರ ಆಗಸ್ಟಿನಲ್ಲಿ ಆ ತಂಡದ ಕಲಾವಿದ ತನ್ನದೇ ವಲಯದ ಇನ್ನೊಬ್ಬ ಸಂಗೀತಗಾರನನ್ನು ಕೊಂದು, ಮುಂದೆ ಶಿಕ್ಷೆಗೆ ಗುರಿಯಾದ. ಭೂಗತ ಮೆಟಲ್ ವಿಮರ್ಶೆಯಲ್ಲಿ ಬಹುಕಾಲ ಇದೆಲ್ಲ ಸಂಗೀತದ ಸಾಚಾತನಕ್ಕೆ ಸಾಕ್ಷಿ ಎಂಬಂತೆ ನಡೆಯಿತು: ಹಾಡಿದ್ದನ್ನು ಮಾಡಿ ತೋರಿಸಿದರು ಎಂಬ ಒಳಗೊಳಗಿನ ಮೆಚ್ಚುಗೆ. ಪುರವಂತನ ಪಕ್ಕದಲ್ಲಿ ಇಟ್ಟು ನೋಡಿದರೆ ಇದು ಸಾಚಾತನದ ತಲೆಕೆಳಗು. ಊರಿನವರ ಪೂಜೆಯ ಮನೆ ಸುಟ್ಟಿತು, ಒಬ್ಬನ ಜೀವ ಹೋಯಿತು, ಬೂದಿ ಮಾರಾಟದ ಹೊದಿಕೆಯಾಯಿತು. ಬೆಲೆ ತೆತ್ತವರು ಪರರು. ಆ ರೆಕಾರ್ಡಿನಲ್ಲಿ ಮನಸ್ಸನ್ನು ಹಿಡಿಯುವ ಸಂಗೀತವಿರಬಹುದು. ಅದನ್ನು ಹೇಳುವ ವಿಮರ್ಶಕ ಹೊದಿಕೆಯ ಮೇಲಿನ ಬೂದಿ ಯಾರದೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ವೀರಭದ್ರನೇನು ಕಡಿಮೆಯೇ, ಅವನೂ ಪರರ ಯಜ್ಞಶಾಲೆಯನ್ನು ಸುಟ್ಟವನಲ್ಲವೇ? ಇದು ಬಲವಾದ ಆಕ್ಷೇಪ. ಭಕ್ತಿಯ ಮಾತಿನಿಂದ ಇದನ್ನು ತೇಲಿಸಿಬಿಡಲಾಗದು. ಎರಡು ವ್ಯತ್ಯಾಸಗಳನ್ನು ಕಾಣುತ್ತೇನೆ. ವೀರಭದ್ರನ ಕೋಪಕ್ಕೆ ಗುರಿಯಾದದ್ದು ಅಧಿಕಾರದ ಮದ, ಅವಮಾನ ಮಾಡಿದವನ ಸಭೆ; ಅಂದು ಫಾಂಟಾಫ್ಟಿನಲ್ಲಿ ಯಾರನ್ನೂ ಅವಮಾನಿಸುತ್ತ ಕೂತ ದಕ್ಷನಿರಲಿಲ್ಲ. ಎರಡನೆಯದು ಇದಕ್ಕಿಂತ ಮುಖ್ಯ. ನಮ್ಮ ಕಥೆ ಧ್ವಂಸದಲ್ಲಿ ನಿಲ್ಲುವುದಿಲ್ಲ. ದಕ್ಷನಿಗೆ ಕುರಿಯ ತಲೆ ಕೊಟ್ಟು ಶಿವ ಬದುಕಿಸುತ್ತಾನೆ, ಯಜ್ಞ ಪೂರ್ತಿಯಾಗುತ್ತದೆ. ವೀರಭದ್ರನ ಮೂರ್ತಿಯ ಕಾಲ ಬಳಿ ಕುರಿಮೊಗದ ದಕ್ಷ ಕೈಮುಗಿದು ನಿಂತಿರುವುದನ್ನು ಶಿಲ್ಪಿಗಳು ಮರೆಯದೆ ಕಡೆದಿದ್ದಾರೆ. ತಾನು ಕೆಡವಿದವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಪೂಜೆ ಪಡೆಯುವ ಕೋಪ ಅದು. ದಿನವೂ ಅವನ ಮುಖ ನೋಡಬೇಕಾದ ಕೋಪ.

ಹಾಗೆಂದು ದೇವರ ಹೆಸರು ಹೇಳಿದ ಸಂಗೀತಕ್ಕೆ ಮಾಫಿ, ದೇವರನ್ನು ಬೈದದ್ದಕ್ಕೆ ಶಿಕ್ಷೆ ಎಂಬ ನಿಯಮಕ್ಕೆ ಬರಲಾಗದು. ಭಾಗವತ ಹಿರಣ್ಯಕಶಿಪು, ರಾವಣ, ಶಿಶುಪಾಲರನ್ನು ದ್ವೇಷದಿಂದಲೇ ಹರಿಯನ್ನು ಮುಟ್ಟಿದವರೆಂದು ಕಾಣುತ್ತದೆ. ವೈರವೂ ಏಕಾಗ್ರವಾದರೆ ದಾರಿಯೇ. ಆದರೆ ಆ ಮೂವರಿಗೂ ವೈರ ವೇಷವಾಗಿರಲಿಲ್ಲ. ಹಿರಣ್ಯಕಶಿಪು ಕಂಬವನ್ನು ಗುದ್ದಿದ್ದು ಅಲ್ಲಿ ಏನೂ ಇಲ್ಲವೆಂಬ ನೆಮ್ಮದಿಯಿಂದಲ್ಲ, ಇದ್ದರೆ ಬರಲಿ ಎಂಬ ಸವಾಲಿನಿಂದ. ತಲೆಕೆಳಗಾದ ಶಿಲುಬೆಯನ್ನು ಅಂಗಿಯ ಮೇಲೆ ಅಚ್ಚು ಹಾಕಿಸುವ ನೂರಾರು ತಂಡಗಳಲ್ಲಿ ಎಷ್ಟಕ್ಕೆ ಆ ಸವಾಲಿದೆ? ಇದಕ್ಕೆ ಎದುರಾಗಿ ಪಂಕ್ ಲೋಕದಲ್ಲಿ ಭಕ್ತಿಯನ್ನೇ ಅಬ್ಬರದಲ್ಲಿ ಹೇಳಿದವರಿದ್ದಾರೆ. ವಾಷಿಂಗ್ಟನ್ನಿನ ಕಪ್ಪು ಯುವಕರ ತಂಡ ಬ್ಯಾಡ್ ಬ್ರೇನ್ಸ್ 1982ರಲ್ಲಿ ಕ್ಯಾಸೆಟ್ಟಾಗಿ ತಂದ ಮೊದಲ ಆಲ್ಬಂನಲ್ಲಿ ರಾಸ್ತಾಫಾರಿ ನಂಬಿಕೆ ಮಿಂಚಿನ ವೇಗದಲ್ಲಿ ಓಡುತ್ತದೆ. ನ್ಯೂಯಾರ್ಕಿನ ಕ್ರೋ-ಮ್ಯಾಗ್ಸ್ 1986ರ ತಮ್ಮ ಮೊದಲ ಆಲ್ಬಂಗೆ ಕಲಿಯುಗವೆಂಬ ಅರ್ಥದ ಹೆಸರಿಟ್ಟರು. ಅವರನ್ನು ತಟ್ಟಿದ್ದು ಹರೇ ಕೃಷ್ಣ ಪಂಥ. ಬೀದಿಯ ಹೊಡೆದಾಟ, ಹಸಿವಿನ ನಡುವೆ ಬೆಳೆದವರ ಬಾಯಲ್ಲಿ ಆ ಮಾತು ಎರವಲೆನಿಸುವುದಿಲ್ಲ.

ಎರವಲಿನ ಪ್ರಶ್ನೆ ನಮ್ಮ ರಾಜ್ಯಕ್ಕೆ ಹತ್ತಿರದ್ದು. ಬೆಂಗಳೂರಿನಲ್ಲಿ ತೊಂಬತ್ತರ ದಶಕದಿಂದಲೇ ಮೆಟಲ್ ತಂಡಗಳಿವೆ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸುವ ಹೊತ್ತಿಗೆ ಇಲ್ಲಿ ಒಂದು ಪೀಳಿಗೆ ಸಿದ್ಧವಾಗಿತ್ತು. 1998ರಲ್ಲಿ ಹುಟ್ಟಿದ ಕ್ರಿಪ್ಟಾಸ್ 2004ರ ಸ್ಪೈರಲ್ ಅಸೆಂಟ್‌ನಿಂದ 2024ರ ಡೆಸಿಮೇಟರ್ ತನಕ ಹಳೆಯ ಹೆವಿ ಮೆಟಲ್ ರೂಢಿಯನ್ನು ಬಿಡದೆ ನಡೆದಿದೆ. ಕಾಲು ಶತಮಾನ ಮೀರಿದ ಈ ಪಟ್ಟನ್ನು ನಾನು ವ್ರತವೆಂದೇ ಗೌರವಿಸುತ್ತೇನೆ. ಆದರೆ ಇಲ್ಲಿನ ಯಾವುದೇ ತಂಡ ಯುರೋಪಿನ ಚರ್ಚಿನ ಮೇಲಿನ ಸಿಟ್ಟನ್ನು ಹಾಗೆಯೇ ತಂದು ಕೂಗಿದರೆ ಅದಕ್ಕೆ ಏನು ಖರ್ಚಾಗುತ್ತದೆ? ಈ ನೆಲದಲ್ಲಿ ಸಿಟ್ಟಾಗಲು ಕಾರಣಗಳು ಬೇರೆ ಇವೆ, ಅವು ಹತ್ತಿರದಲ್ಲೇ ಇವೆ.

ಅವುಗಳಲ್ಲಿ ಒಂದು ನನ್ನ ವಾದವನ್ನೇ ತಡೆದು ನಿಲ್ಲಿಸುತ್ತದೆ. ಪುರವಂತನಿಗೆ ಗುಡಿಯ ಮುಂದೆ ಜಾಗವಿದೆ, ಗೌರವವಿದೆ. ಮಾರಮ್ಮನ ಹಬ್ಬಕ್ಕೆ, ಹೆಣದ ಮೆರವಣಿಗೆಗೆ ಹಲಗೆ ಬಡಿಯುವ ದಲಿತ ಕೇರಿಯವನಿಗೆ? ಅವನ ಸದ್ದು ಬೇಕಾಗಿತ್ತು, ಅವನು ಬೇಕಾಗಿರಲಿಲ್ಲ. ಸತ್ತ ದನದ ಚರ್ಮ ಹದ ಮಾಡಿದವನೂ ಅವನೇ, ಬಿಟ್ಟಿಯಾಗಿ ಬಡಿದವನೂ ಅವನೇ, ಗುಡಿಯ ಹೊರಗೆ ನಿಂತವನೂ ಅವನೇ. ಉಗ್ರತೆಗೆ ಕಲಾವಿದನೇ ಬೆಲೆ ತೆರಲಿ ಎಂದು ಇವನ ಮುಂದೆ ಹೇಳುವುದು ಕ್ರೌರ್ಯ. ಇವನಿಂದ ಬೆಲೆಯನ್ನು ತಲೆತಲಾಂತರದಿಂದ ವಸೂಲು ಮಾಡಿ ಆಗಿದೆ. ಆದ್ದರಿಂದ ನನ್ನ ಅಳತೆಯನ್ನು ತಿದ್ದಬೇಕು: ಈಗ ತೆರುತ್ತಿರುವವರು ಯಾರು ಎಂದು ಕೇಳಿದರೆ ಸಾಲದು, ಆಗಲೇ ತೆತ್ತವರು ಯಾರು ಎಂದೂ ಕೇಳಬೇಕು. ಹಲಗೆಯನ್ನು ಕೆಲವರು ಕೆಳಗಿಟ್ಟು ಪ್ರತಿಭಟಿಸಿದರು, ಕೆಲವರು ಅದನ್ನೇ ಹೋರಾಟದ ವೇದಿಕೆಗೆ ತಂದು ಬಡಿದರು, ಎರಡೂ ನ್ಯಾಯವೇ. ಗಿಟಾರಿನ ಮೂರು ಕಾರ್ಡು ಕಲಿತವನೂ ವೇದಿಕೆ ಹತ್ತಬಹುದೆಂದ ಪಂಕ್‌ನ ಸತ್ವವೂ ಇಲ್ಲಿದೆ. ಆಗಲೇ ಬೆಲೆ ತೆತ್ತ ಅಂಥವರ ಆಲ್ಬಂ ಕೈಗೆ ಬಂದಾಗ ಶ್ರುತಿ ತಪ್ಪಿದೆ, ಧ್ವನಿಮುದ್ರಣ ಕಳಪೆ ಎಂದು ಅಂಕ ಕಡಿಯುವ ವಿಮರ್ಶಕ, ಗುಡಿಯ ಬಾಗಿಲಲ್ಲಿ ನಿಂತು ತಡೆಯುತ್ತಿದ್ದವನ ಕೆಲಸವನ್ನೇ ಮುಂದುವರಿಸುತ್ತಿದ್ದಾನೆ. ಗಟ್ಟಿ ಸದ್ದಿನ ಬಗೆಗಿನ ಸುಸಂಸ್ಕೃತ ಹೇಸಿಗೆಯಲ್ಲಿ ಎಷ್ಟು ಪಾಲು ಕಿವಿಯದು, ಎಷ್ಟು ಪಾಲು ಜಾತಿಯದು ಎಂದು ನಮ್ಮಲ್ಲಿ ಯಾರೂ ಸರಿಯಾಗಿ ಲೆಕ್ಕ ಹಾಕಿಲ್ಲ.

ಇನ್ನು ಮೆರವಣಿಗೆಗಳಲ್ಲಿ ಟ್ರ್ಯಾಕ್ಟರಿನ ಮೇಲೆ ಬರುವ ಡಿಜೆ ಪೆಟ್ಟಿಗೆಗಳ ಮಾತು. ಗಟ್ಟಿಯಾದದ್ದೆಲ್ಲ ದೈವಿಕವೆಂದು ನಾನು ಹೇಳುತ್ತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿರುವುದು ಸರಿಯೇ. ಸಮಾಳ ಬಡಿಯುವವನ ರಟ್ಟೆ ಸೋಲುತ್ತದೆ, ಸೋತಾಗ ಸದ್ದು ಇಳಿಯುತ್ತದೆ. ಮೆಟಲ್ ತಂಡದ ಡ್ರಮ್ಮರನ ಕೈಕಾಲೂ ಸೋಲುತ್ತವೆ. ಟ್ರ್ಯಾಕ್ಟರಿನ ಮೇಲಿನ ಪೆಟ್ಟಿಗೆಗೆ ಆ ಮಿತಿಯಿಲ್ಲ. ಯಂತ್ರದಿಂದ ಡ್ರಮ್ಸ್ ಕೂಡಿಸಿದ ಆಲ್ಬಂಗಳನ್ನು ಕೇಳುವಾಗಲೂ ವಿಮರ್ಶಕ ಈ ಸೋಲಿನ ಗುರುತನ್ನು ಹುಡುಕಬೇಕು.

ಸದ್ದು ನಿಲ್ಲಬೇಕಾದ ಜಾಗಕ್ಕೂ ಮೈಲಾರದ ಜಾತ್ರೆಯಲ್ಲೇ ಮಾದರಿಯಿದೆ. ಅಲ್ಲಿನ ಡೆಂಕನಮರಡಿಯಲ್ಲಿ ಲಕ್ಷಾಂತರ ಜನರ ನಡುವೆ, ದೈವದ ಕಾರಣಿಕ ನುಡಿಯುವ ಗೊರವಯ್ಯ ಬಿಲ್ಲನ್ನೇರುತ್ತಾನೆ. ಡಮರುಗ, ಜಯಘೋಷ ಎಲ್ಲ ಮುಗಿಲು ಮುಟ್ಟಿರುವಾಗ ‘ಸದ್ದಲೇ’ ಎಂದು ಕೂಗುತ್ತಾನೆ. ಮೈದಾನ ಮೌನವಾಗುತ್ತದೆ. ಒಂದೇ ಒಂದು ನುಡಿ ಹೇಳಿ ಮೇಲಿನಿಂದ ಬೀಳುತ್ತಾನೆ. ಜನ ಕೆಳಗೆ ಅವನನ್ನು ಹಿಡಿದುಕೊಳ್ಳುತ್ತಾರೆ. ದಿನಗಟ್ಟಲೆ ಉಪವಾಸವಿದ್ದು ಬಂದ ಆತನ ಹೊಣೆ ಅಲ್ಲಿಗೆ ತೀರಿತು. ಮಳೆಯೋ ಬೆಳೆಯೋ ರಾಜಕೀಯವೋ ಎಂದು ಅರ್ಥ ಹಚ್ಚುವ ಹೊಣೆ ಕೇಳಿದವರದು. ಆ ಅರ್ಥಗಳ ಬಗ್ಗೆ ವರ್ಷವಿಡೀ ಹೊಲದಲ್ಲಿ, ಹೋಟೆಲಿನಲ್ಲಿ ವಾದ ನಡೆಯುತ್ತದೆ, ನುಡಿದವನನ್ನು ಮತ್ತೆ ಕರೆದು ಯಾರೂ ವಿವರಣೆ ಕೇಳುವುದಿಲ್ಲ. ಭೂಗತ ಆಲ್ಬಂಗಳ ವಿಮರ್ಶೆಯಲ್ಲಿ ಹತ್ತಕ್ಕೆ ಇಷ್ಟು ಅಂಕ ಎಂದು ಬರೆದು ಮುಗಿಸುವ ರೂಢಿಯನ್ನು ನಾನು ವಿರೋಧಿಸುವುದು ಇದೇ ಕಾರಣಕ್ಕೆ. ಅಂಕ ಕೊಟ್ಟೊಡನೆ ವಾದ ನಿಲ್ಲುತ್ತದೆ, ಕೇಳುಗ ತನ್ನ ಪಾಲಿನ ಹೊಣೆಯಿಂದ ಜಾರಿಕೊಳ್ಳುತ್ತಾನೆ. ಈ ಕೋಪ ಯಾರ ಮೇಲೆ, ನಿಜವಾಗಿ ನೊಂದವರು ಯಾರು, ಹಾಡು ಮುಗಿದ ಮೇಲೆ ಕೆಡವಿಸಿಕೊಂಡವನಿಗೆ ಪಕ್ಕದಲ್ಲಿ ನಿಲ್ಲುವ ಜಾಗ ಉಳಿದಿದೆಯೇ ಎಂದು ಒಂದೊಂದು ಹಾಡನ್ನೂ ಹಿಡಿದು ಕೇಳುವ ವಿಮರ್ಶೆ ಉದ್ದವಾಗುತ್ತದೆ, ನಿಧಾನವಾಗುತ್ತದೆ, ಕೆಲವು ಸಲ ತನಗೆ ತಾನೇ ಎದುರಾಡುತ್ತದೆ. ಹಾಗೆಯೇ ಆಗಲಿ.