ಬಾಡಿಗೆಯ ಕೋಣೆಯಲ್ಲಿ ನಮ್ಮ ಅಧಿಕಾರವೆಷ್ಟು?

ಅನ್ಯರ ಆಶ್ರಯದಲ್ಲಿ ತಂಗಿದವನಿಗೆ ಆ ಆಶ್ರಯದ ಮೇಲೆ ಎಷ್ಟರಮಟ್ಟಿನ ಅಧಿಕಾರವಿದೆ ಎಂಬ ಪ್ರಶ್ನೆ ಬಹು ಪ್ರಾಚೀನವಾದುದು. ಛತ್ರಗಳು ಊರೂರಿಗೂ ಇದ್ದ ಕಾಲದಲ್ಲಿ ಇದಕ್ಕೆ ಉತ್ತರ ಸರಳವಾಗಿತ್ತು. ದಾರಿಗನು ಅಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದನು. ಬಾವಿಯಿಂದ ನೀರು ಸೇದಿಕೊಳ್ಳುತ್ತಿದ್ದನು. ಒಲೆಯಲ್ಲಿ ಅಡಿಗೆ ಮಾಡಿಕೊಂಡು, ಹೊರಡುವ ಮುನ್ನ ಬೂದಿಯನ್ನು ತೆಗೆದು ನೆಲ ಸಾರಿಸಿ ಹೋಗುತ್ತಿದ್ದನು. ವಸ್ತು ಛತ್ರದ್ದು, ಬಳಕೆ ದಾರಿಗನದು, ಮುಂದೆ ಬರುವವನಿಗಾಗಿ ಸ್ಥಳವನ್ನು ಇದ್ದಂತೆಯೇ ಉಳಿಸುವ ಹೊಣೆ ಇಬ್ಬರದು. ಈ ಮೂರು ಮಾತುಗಳಲ್ಲಿ ಅತಿಥಿಧರ್ಮವೆಲ್ಲ ಅಡಗಿತ್ತು. ಇಂದು ಅದೇ ಪ್ರಶ್ನೆ ಹೊಸ ವೇಷವನ್ನು ಧರಿಸಿ ಬಂದಿದೆ. ಪ್ರವಾಸಿಗಳು ಇಳಿದುಕೊಳ್ಳುವ ರೆಸಾರ್ಟಿನ ಕೋಣೆಯಲ್ಲಿ, ಗೋಡೆಗೆ ತೂಗುಹಾಕಿದ ಟೆಲಿವಿಷನ್ನಿನ ಹಿಂಬದಿಯಲ್ಲಿ ಅದು ಕಾಣಿಸಿಕೊಂಡಿದೆ. ವಿಷಯ ಅಲ್ಪವೆಂದು ತೋರಬಹುದು. ಆದರೆ ಮನುಷ್ಯನ ನಡತೆ ಪರೀಕ್ಷೆಗೊಳಗಾಗುವುದು ಹೆಚ್ಚಾಗಿ ಇಂತಹ ಅಲ್ಪ ವಿಷಯಗಳಲ್ಲಿಯೇ ಎಂಬುದನ್ನು ವಾಚಕರು ಬಲ್ಲರು.

ಮೊದಲು ವಸ್ತುಸ್ಥಿತಿಯನ್ನು ತಿಳಿದುಕೊಳ್ಳೋಣ. ಅಂತರ್ಜಾಲದ ಮೂಲಕ ಚಲನಚಿತ್ರ, ಸಂಗೀತ, ಪ್ರವಚನಗಳನ್ನು ತರಿಸಿಕೊಂಡು ಟೆಲಿವಿಷನ್ನಿನ ಪರದೆಯ ಮೇಲೆ ತೋರಿಸುವ ಪುಟ್ಟ ಸಾಧನಗಳು ಈಚಿನ ವರ್ಷಗಳಲ್ಲಿ ಮನೆಮನೆಗೂ ಬಂದಿವೆ. ರೋಕು ಎಂಬ ಸಾಧನ 2008ರಲ್ಲಿಯೂ, 35 ಡಾಲರು ಬೆಲೆಯ ಕ್ರೋಮ್‌ಕಾಸ್ಟ್ 2013ರಲ್ಲಿಯೂ, ಫೈರ್ ಟೀವಿ ಸ್ಟಿಕ್ 2014ರಲ್ಲಿಯೂ ಅಮೆರಿಕದ ಮಾರುಕಟ್ಟೆಗೆ ಬಂದವು. ಇವುಗಳಲ್ಲಿ ಕ್ರೋಮ್‌ಕಾಸ್ಟಿನ ತಯಾರಿಕೆಯನ್ನು ಗೂಗಲ್ ಸಂಸ್ಥೆ 2024ರಲ್ಲಿ ನಿಲ್ಲಿಸಿತಾದರೂ ಕೊಂಡವರ ಕೈಯಲ್ಲಿ ಅವು ಇನ್ನೂ ಇವೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಇಂತಹ ಸಾಧನವನ್ನು ಟೆಲಿವಿಷನ್ನಿನ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿ, ವೈ-ಫೈ ಜಾಲಕ್ಕೆ ಸೇರಿಸಿದರೆ, ಮನೆಯಲ್ಲಿ ನೋಡುವುದೆಲ್ಲವನ್ನೂ ಪರಸ್ಥಳದಲ್ಲಿಯೂ ನೋಡಬಹುದು.

ವಿಶ್ರಾಂತಿಗಾಗಿ ದೂರ ಹೋದವರು ಮನೆಯ ಟೆಲಿವಿಷನ್ನನ್ನೇ ಏಕೆ ಹೊತ್ತೊಯ್ಯಬೇಕು ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಬೆಟ್ಟದ ತಪ್ಪಲಿನಲ್ಲಿ ಕೋಣೆ ಹಿಡಿದು ಕಿಟಕಿಯ ಪರದೆಯನ್ನು ಮುಚ್ಚಿಕೊಂಡು ಕುಳಿತವನನ್ನು ಕಂಡು ಮರುಕಪಡುವುದು ಸಹಜ. ಆದರೆ ಎಲ್ಲರ ಸ್ಥಿತಿಯೂ ಒಂದೇ ಅಲ್ಲ. ಅಮೆರಿಕದಲ್ಲಿ ನೆಲಸಿದ ಮಗನೊಡನೆ ಪ್ರವಾಸ ಹೋದ ವೃದ್ಧ ತಾಯಿಗೆ, ಎಲ್ಲರೂ ಸುತ್ತಾಡಲು ಹೋದ ಮಧ್ಯಾಹ್ನದಲ್ಲಿ, ಆ ಕೋಣೆಯ ಹತ್ತಾರು ವಾಹಿನಿಗಳಲ್ಲಿ ಒಂದೂ ಕನ್ನಡದ ಮಾತು ದೊರೆಯದು. ಪರಿಚಿತವಾದ ಹಾಡನ್ನು ಕೇಳದೆ ಮಲಗದ ಮಗುವೂ ಉಂಟು. ನೋಡುವುದು ಬೇಕೆ ಬೇಡವೆ ಎಂಬುದನ್ನು ಅವರವರ ವಿವೇಕಕ್ಕೆ ಬಿಡೋಣ. ಪ್ರಸ್ತುತ ಲೇಖನದ ಪ್ರಶ್ನೆ ಬೇರೆ. ನೋಡಬೇಕೆಂದು ನಿಶ್ಚಯಿಸಿದವನು ಅನ್ಯರ ಪೆಟ್ಟಿಗೆಯನ್ನು ಎಲ್ಲಿಯವರೆಗೆ ಮುಟ್ಟಬಹುದು?

ಈ ಪ್ರಶ್ನೆ ಏಳುವುದಕ್ಕೆ ಕಾರಣ, ದಾರಿಯಲ್ಲಿ ಎದುರಾಗುವ ತಡೆಗಳು. ರೆಸಾರ್ಟಿನ ಟೆಲಿವಿಷನ್ನು ಅನೇಕ ಕಡೆಗಳಲ್ಲಿ ನಮ್ಮ ಮನೆಯದರಂತೆ ಇರುವುದಿಲ್ಲ. ಹೋಟೆಲುಗಳಿಗಾಗಿಯೇ ತಯಾರಾದ ಪೆಟ್ಟಿಗೆಗಳಲ್ಲಿ ಕಿಂಡಿಯನ್ನು ಬದಲಾಯಿಸುವ ವ್ಯವಸ್ಥೆಯನ್ನು ಮಾಲೀಕನು ಬಂಧಿಸಿಡಬಹುದು. ಶಬ್ದವು ಒಂದು ಮಿತಿಯನ್ನು ಮೀರದಂತೆ ಮಾಡಬಹುದು. ರಿಮೋಟಿನಲ್ಲಿ ಆ ಗುಂಡಿಯೇ ಇಲ್ಲದಿರಬಹುದು. ಎರಡನೆಯ ತಡೆ ವೈ-ಫೈ ಜಾಲದ್ದು. ಜಾಲವನ್ನು ಸೇರಿದೊಡನೆ ಒಂದು ಪುಟ ತೆರೆದು ಕೋಣೆಯ ಸಂಖ್ಯೆಯನ್ನೂ ಹೆಸರನ್ನೂ ಕೇಳುತ್ತದೆ, ನಿಬಂಧನೆಗಳಿಗೆ ಒಪ್ಪಿಗೆಯನ್ನು ಬೇಡುತ್ತದೆ. ಫೋನಿನಲ್ಲಿ ಇದು ಸುಲಭ. ಅಂತಹ ಪುಟವನ್ನು ತೆರೆಯಲಾರದ ಸಾಧನ ಅಲ್ಲಿಯೇ ನಿಂತುಬಿಡುತ್ತದೆ. ಮೂರನೆಯ ತಡೆ ಮತ್ತೂ ಸೂಕ್ಷ್ಮವಾದುದು. ಒಂದೇ ಜಾಲದಲ್ಲಿದ್ದರೂ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ನಡುವೆ ಗೋಡೆ ಹಾಕಿರುತ್ತಾರೆ. ಫೋನಿನಿಂದ ಆಜ್ಞೆ ಪಡೆದು ನಡೆಯುವ ಕ್ರೋಮ್‌ಕಾಸ್ಟಿನಂತಹ ಸಾಧನಕ್ಕೆ ಆಗ ತನ್ನ ಒಡೆಯನ ಮಾತೇ ಕೇಳಿಸುವುದಿಲ್ಲ.

ತಡೆಯನ್ನು ಕಂಡ ಕೂಡಲೆ ಮನುಷ್ಯನಲ್ಲಿ ಎರಡು ಬಗೆಯ ಭಾವಗಳು ಹುಟ್ಟುತ್ತವೆ. ಒಬ್ಬನು, ‘ತಡೆ ಇದೆಯೆಂದ ಮೇಲೆ ಇದು ನಿಷಿದ್ಧವೇ ಸರಿ’ ಎಂದು ಸುಮ್ಮನಾಗುತ್ತಾನೆ. ಇನ್ನೊಬ್ಬನು, ‘ಹಣ ಕೊಟ್ಟಿದ್ದೇನೆ, ಮುರಿಯಬಲ್ಲೆನಾದರೆ ಮುರಿಯುವೆನು’ ಎಂದು ಮುಂದುವರಿಯುತ್ತಾನೆ. ಇಬ್ಬರೂ ವಿಚಾರ ಮಾಡಿದಂತಾಗಲಿಲ್ಲ. ಬೀಗವನ್ನು ಏಕೆ ಹಾಕಿದ್ದಾರೆ, ಅದು ಯಾರನ್ನು ಕಾಯುತ್ತದೆ ಎಂದು ಇಬ್ಬರಲ್ಲಿ ಒಬ್ಬನೂ ಕೇಳಲಿಲ್ಲ. ನೀತಿಯ ವಿಚಾರ ಆರಂಭವಾಗುವುದು ಆ ಪ್ರಶ್ನೆಯಿಂದ.

ಕೆಲವು ಬೀಗಗಳು ಮಾಲೀಕನ ಹಣದ ಪೆಟ್ಟಿಗೆಯನ್ನು ಕಾಯುತ್ತವೆ. ಕೋಣೆಯಲ್ಲಿ ಕುಳಿತು ನೋಡುವ ಚಲನಚಿತ್ರಕ್ಕೆ ಪ್ರತ್ಯೇಕ ಶುಲ್ಕ ಪಡೆಯುವ ವ್ಯಾಪಾರ ಅಮೆರಿಕದ ಹೋಟೆಲುಗಳಲ್ಲಿ ಬಹುಕಾಲ ನಡೆಯಿತು. ಅತಿಥಿಯು ತನ್ನದೇ ಸಾಧನವನ್ನು ತಂದರೆ ಆ ಆದಾಯಕ್ಕೆ ಕುತ್ತು. ಜನರು ತಮ್ಮ ಚಿತ್ರಗಳನ್ನು ತಾವೇ ಹೊತ್ತು ತರಲಾರಂಭಿಸಿದ ಮೇಲೆ ಈ ವ್ಯಾಪಾರ ಕುಗ್ಗಿತು. ಹೋಟೆಲುಗಳಿಗೆ ಇಂತಹ ಸೇವೆಯನ್ನು ಒದಗಿಸುತ್ತಿದ್ದ ಲಾಡ್ಜ್‌ನೆಟ್ ಎಂಬ ದೊಡ್ಡ ಸಂಸ್ಥೆ 2013ರ ಜನವರಿಯಲ್ಲಿ ದಿವಾಳಿ ಕಾನೂನಿನ ರಕ್ಷಣೆಯನ್ನು ಕೋರಬೇಕಾಯಿತು.

ಇನ್ನು ಕೆಲವು ಬೀಗಗಳು ನೆರೆಕೋಣೆಯವನನ್ನು ಕಾಯುತ್ತವೆ. ಶಬ್ದಕ್ಕೆ ಹಾಕಿದ ಮಿತಿ ಗೋಡೆಯಾಚೆ ಮಲಗಿದವನ ನಿದ್ರೆಗಾಗಿ ಇದೆ. ಸಾಧನಗಳ ನಡುವಣ ಗೋಡೆಯೂ ಈ ಜಾತಿಯದೇ. ಅದಿಲ್ಲದಿದ್ದರೆ ಪಕ್ಕದ ಕೋಣೆಯ ಅಪರಿಚಿತನು ನಮ್ಮ ಪರದೆಯ ಮೇಲೆ ತನಗೆ ತೋಚಿದ್ದನ್ನು ಮೂಡಿಸಬಹುದು, ನಮ್ಮ ಯಂತ್ರಗಳನ್ನು ಇಣುಕಿನೋಡಬಹುದು. ಹೋಟೆಲಿನ ಜಾಲಗಳಲ್ಲಿ ಅಪಾಯವಿದೆಯೆಂಬುದು ಬರಿಯ ಊಹೆಯಲ್ಲ. ಏಷ್ಯದ ಐಷಾರಾಮಿ ಹೋಟೆಲುಗಳ ಜಾಲಗಳೊಳಗೆ ಹೊಕ್ಕು, ಅಲ್ಲಿ ತಂಗುವ ಉದ್ಯಮಾಧಿಕಾರಿಗಳ ಕಂಪ್ಯೂಟರುಗಳನ್ನು ಸೇರಿ ಗುಟ್ಟುಗಳನ್ನು ಕದಿಯುತ್ತಿದ್ದ ತಂಡವೊಂದರ ವಿವರಗಳನ್ನು ಕ್ಯಾಸ್ಪರ್‌ಸ್ಕಿ ಸಂಸ್ಥೆ 2014ರ ನವೆಂಬರಿನಲ್ಲಿ ಪ್ರಕಟಿಸಿತು. ಆದುದರಿಂದ ಎಲ್ಲ ಬೀಗವೂ ಲೋಭದ ಫಲವೆಂದು ತಿಳಿಯುವುದು ಅವಿವೇಕ.

ಆದರೆ ರಕ್ಷಣೆಯ ಹೆಸರನ್ನು ಹೇಳಿದ ಮಾತ್ರಕ್ಕೆ ಎಲ್ಲ ಬೀಗವೂ ಧರ್ಮಸಮ್ಮತವಾಗುವುದಿಲ್ಲ. ಇದಕ್ಕೆ ಒಂದು ನಿದರ್ಶನವಿದೆ. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಗೇಲಾರ್ಡ್ ಆಪ್ರಿಲ್ಯಾಂಡ್ ಎಂಬ ದೊಡ್ಡ ರೆಸಾರ್ಟ್ ಇದೆ. ಅದರ ಆಡಳಿತ ಮ್ಯಾರಿಯಟ್ ಸಂಸ್ಥೆಯದು. ಅಲ್ಲಿಯ ಸಮ್ಮೇಳನ ಭವನಗಳಲ್ಲಿ ಜನರು ತಮ್ಮ ಸ್ವಂತ ಫೋನಿನ ಹಾಟ್‌ಸ್ಪಾಟ್ ಬಳಸದಂತೆ ಸಿಬ್ಬಂದಿ ತಡೆಯುತ್ತಿದ್ದಾರೆಂದು 2013ರಲ್ಲಿ ಸರ್ಕಾರದ ಸಂಪರ್ಕ ಆಯೋಗಕ್ಕೆ ದೂರು ಹೋಯಿತು. ಅದೇ ಭವನಗಳಲ್ಲಿ ಸಂಸ್ಥೆಯ ಜಾಲವನ್ನು ಬಳಸಲು ಒಂದೊಂದು ಸಾಧನಕ್ಕೆ 250ರಿಂದ 1000 ಡಾಲರುಗಳವರೆಗೆ ಶುಲ್ಕವಿತ್ತು. ಅತಿಥಿಗಳನ್ನು ಕಳ್ಳ ಜಾಲಗಳಿಂದ ರಕ್ಷಿಸುವುದೇ ತನ್ನ ಉದ್ದೇಶವೆಂದು ಸಂಸ್ಥೆ ಸಮರ್ಥಿಸಿಕೊಂಡಿತು. ಆದರೂ 2014ರ ಅಕ್ಟೋಬರಿನಲ್ಲಿ 6 ಲಕ್ಷ ಡಾಲರು ದಂಡ ತೆರಲು ಒಪ್ಪಬೇಕಾಯಿತು. 2015ರ ಜನವರಿಯಲ್ಲಿ ಆಯೋಗವು, ಜನರ ಸ್ವಂತ ಹಾಟ್‌ಸ್ಪಾಟುಗಳಿಗೆ ಅಡ್ಡಿಪಡಿಸುವುದು ಕಾನೂನುಬಾಹಿರವೆಂದು ದೇಶದ ಎಲ್ಲ ಉದ್ಯಮಗಳಿಗೂ ಎಚ್ಚರಿಕೆ ಕೊಟ್ಟಿತು.

ಈ ಪ್ರಸಂಗದ ತಾತ್ಪರ್ಯವನ್ನು ಗಮನಿಸಬೇಕು. ಫೋನೂ ಅದರ ಸಂಪರ್ಕವೂ ಅತಿಥಿಯ ಸ್ವಂತ ಸೊತ್ತು. ತನ್ನ ಛಾವಣಿಯಡಿ ನಿಂತಿದ್ದಾನೆಂಬ ಕಾರಣದಿಂದ ಅವನ ಸೊತ್ತಿನ ಬಳಕೆಯನ್ನು ಕಸಿಯುವ ಅಧಿಕಾರ ಆತಿಥೇಯನಿಗೆ ಇಲ್ಲ. ಇದನ್ನು ಒಪ್ಪಿದವನು ಇದರ ಮರುಮುಖವನ್ನೂ ಒಪ್ಪಲೇಬೇಕಾಗುತ್ತದೆ. ಟೆಲಿವಿಷನ್ನೂ ಅದರ ತಂತಿಗಳೂ ಆತಿಥೇಯನ ಸೊತ್ತು. ಕೆಲವು ರಾತ್ರಿಗಳ ಬಾಡಿಗೆ ಕೊಟ್ಟಿದ್ದಾನೆಂಬ ಕಾರಣದಿಂದ ಅದನ್ನು ಬಿಚ್ಚಿ ಬದಲಾಯಿಸುವ ಅಧಿಕಾರ ಅತಿಥಿಗೂ ಇಲ್ಲ. ಒಬ್ಬನಿಗೆ ನ್ಯಾಯದ ತಕ್ಕಡಿ, ಇನ್ನೊಬ್ಬನಿಗೆ ಅನುಕೂಲದ ತಕ್ಕಡಿ ಎಂದಾಗಬಾರದು.

ಈ ಅಳತೆಗೋಲನ್ನು ಹಿಡಿದು ಲೋಕದಲ್ಲಿ ನಡೆಯುವ ಉಪಾಯಗಳನ್ನು ಒಂದೊಂದಾಗಿ ಪರಿಶೀಲಿಸೋಣ. ಬದಿಯಲ್ಲಿ ತೆರೆದಿರುವ ಕಿಂಡಿಗೆ ಸಾಧನವನ್ನು ಸಿಕ್ಕಿಸುವುದರಲ್ಲಿ ದೋಷವಿಲ್ಲ. ತೆರೆದಿಟ್ಟ ಬಾಗಿಲು ಆಹ್ವಾನಕ್ಕೆ ಸಮಾನ. ರೋಕುವಿನಂತಹ ಕೆಲವು ಸಾಧನಗಳು ಒಪ್ಪಿಗೆಯ ಪುಟವನ್ನು ನಮ್ಮ ಫೋನಿನಲ್ಲಿಯೇ ತೆರೆಯಲು ಅನುವು ಮಾಡಿಕೊಡುತ್ತವೆ. ಅಲ್ಲಿ ನಾವು ನಮ್ಮ ಹೆಸರನ್ನು ಹೇಳಿಯೇ ಒಳಹೋಗುವುದರಿಂದ ಅದೂ ನಿರ್ದೋಷ. ಪ್ರತಿಯೊಂದು ಸಾಧನಕ್ಕೂ 12 ಅಕ್ಷರಗಳ ಒಂದು ಗುರುತು ಇರುತ್ತದೆ. ಅದನ್ನು ಸ್ವಾಗತ ಕಚೇರಿಯವರಿಗೆ ಕೊಟ್ಟರೆ ಅನೇಕ ಕಡೆ ಅವರೇ ಜಾಲದಲ್ಲಿ ದಾಖಲಿಸಿಕೊಳ್ಳುತ್ತಾರೆ. ಕೇಳಿ ಪಡೆದದ್ದಾದ್ದರಿಂದ ಇದು ಎಲ್ಲಕ್ಕಿಂತ ಪ್ರಶಸ್ತವಾದ ಮಾರ್ಗ. ನಮ್ಮ ಫೋನಿನ ಹಾಟ್‌ಸ್ಪಾಟಿನಿಂದ ಸಾಧನವನ್ನು ನಡೆಸಿದರೆ ಆತಿಥೇಯನ ಜಾಲದ ಗೊಡವೆಯೇ ಇಲ್ಲ.

ಪ್ರವಾಸದ ರೂಟರ್ ಎಂಬ ಚಿಕ್ಕ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕು. ಅದು ಕೋಣೆಯೊಳಗೆ ನಮ್ಮದೇ ಸಣ್ಣ ಜಾಲವನ್ನು ಕಟ್ಟಿ, ನಮ್ಮ ಎಲ್ಲ ಸಾಧನಗಳನ್ನೂ ಒಂದೇ ಸಾಧನವೆಂಬಂತೆ ಹೊರಗಿನ ಜಾಲಕ್ಕೆ ತೋರಿಸುತ್ತದೆ. ನಿಬಂಧನೆಗಳಲ್ಲಿ ಇದಕ್ಕೆ ನಿಷೇಧವಿಲ್ಲದಿದ್ದರೆ, ಸಾಧನಗಳ ಲೆಕ್ಕಕ್ಕೆ ಶುಲ್ಕವೂ ಇಲ್ಲದಿದ್ದರೆ, ಇದು ನಮ್ಮ ಕುಟುಂಬದ ಭದ್ರತೆಗೆ ಒಳ್ಳೆಯ ವ್ಯವಸ್ಥೆಯೇ ಸರಿ. ಆದರೆ ಒಂದೊಂದು ಸಾಧನಕ್ಕೂ ಇಂತಿಷ್ಟೆಂದು ಮೊದಲೇ ತಿಳಿಸಿರುವ ಕಡೆಯಲ್ಲಿ ಐದನ್ನು ಒಂದೆಂದು ತೋರಿಸುವುದು ಲೆಕ್ಕ ಮರೆಮಾಚಿದಂತೆ. ಒಂದೇ ಪೆಟ್ಟಿಗೆ ಒಂದು ಕಡೆ ಸಜ್ಜನಿಕೆಯ ಉಪಕರಣವಾಗುತ್ತದೆ, ಇನ್ನೊಂದು ಕಡೆ ವಂಚನೆಯ ಉಪಕರಣವಾಗುತ್ತದೆ. ದೋಷವು ಯಂತ್ರದಲ್ಲಿಲ್ಲ, ನಾವು ಮಾಡಿಕೊಂಡ ಒಪ್ಪಂದಕ್ಕೂ ನಮ್ಮ ನಡತೆಗೂ ನಡುವಿನ ಅಂತರದಲ್ಲಿದೆ. ಇನ್ನು ಟೆಲಿವಿಷನ್ನಿನ ಹಿಂದಿನ ಸೇವಾತಂತಿಯನ್ನು ಕಿತ್ತು, ತಂತ್ರಜ್ಞರಿಗಾಗಿ ಇರುವ ಗುಪ್ತ ಸಂಕೇತವನ್ನು ಒತ್ತಿ ಬಂಧನವನ್ನು ಬಿಡಿಸುವ ಉಪಾಯ ಸರ್ವಥಾ ಸಲ್ಲದು.

‘ನಾನು ಸಾವಿರಾರು ರೂಪಾಯಿ ಕೊಟ್ಟಿದ್ದೇನೆ, ನನ್ನಿಂದ ಯಾರಿಗೆ ನಷ್ಟ?’ ಎಂದು ಇಲ್ಲಿ ಕೆಲವರು ಕೇಳುವರು. ಕೊಟ್ಟ ಹಣ ಬಳಕೆಗೆ ಸಂದ ಬೆಲೆ. ಅದರಿಂದ ಒಡೆತನ ಬರುವುದಿಲ್ಲ. ನಷ್ಟದ ಮಾತಿಗೂ ಉತ್ತರವುಂಟು. ತಂತಿ ಕಿತ್ತ ಅತಿಥಿ ಮುಂಜಾನೆ ಹೊರಟುಹೋಗುತ್ತಾನೆ. ಸಂಜೆ ಅದೇ ಕೋಣೆಗೆ ಬಂದ ವೃದ್ಧರಿಗೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಗುಂಡಿಗಳನ್ನು ಒತ್ತಿ ಒತ್ತಿ ಬೇಸತ್ತು ಸ್ವಾಗತ ಕಚೇರಿಗೆ ದೂರುತ್ತಾರೆ. ಆ ದೂರನ್ನು ಕೇಳಬೇಕಾದವನು ರೆಸಾರ್ಟಿನ ಒಡೆಯನಲ್ಲ. ದಿನವಿಡೀ ದುಡಿದು ದಣಿದ ಕೋಣೆಯ ನೌಕರ. ಛತ್ರದ ಒಲೆಯಲ್ಲಿ ಬೂದಿ ಬಿಟ್ಟುಹೋದವನಿಗೂ ಇವನಿಗೂ ಯಾವ ವ್ಯತ್ಯಾಸವಿದೆ?

ಬಿಟ್ಟುಹೋಗುವ ವಸ್ತುಗಳಲ್ಲಿ ಇನ್ನೊಂದಿದೆ. ಸ್ವಂತ ಸಾಧನವನ್ನು ತರದೆ, ಕೋಣೆಯ ಟೆಲಿವಿಷನ್ನಿನಲ್ಲಿಯೇ ತಮ್ಮ ಪಾಸ್‌ವರ್ಡ್ ಕೊಟ್ಟು ನೋಡುವವರು ಹಲವರು. ಹೊರಡುವ ಗಡಿಬಿಡಿಯಲ್ಲಿ ಖಾತೆಯಿಂದ ಹೊರಬರುವುದನ್ನು ಮರೆತರೆ, ಮುಂದೆ ಬಂದವನಿಗೆ ಅವರ ಮನೆಯ ಬಾಗಿಲು ತೆರೆದಂತೆಯೇ. ಯಾರು ಏನು ನೋಡಿದರು, ಮಕ್ಕಳ ಹೆಸರೇನು ಎಂಬುದೆಲ್ಲ ಅಲ್ಲಿ ಬಯಲಾಗಿರುತ್ತದೆ. ಹೀಗೆ ತೆರೆದ ಖಾತೆ ನಮ್ಮ ಕೈಗೆ ಸಿಕ್ಕಾಗ ನಾವೇನು ಮಾಡಬೇಕು? ದಾರಿಯಲ್ಲಿ ಬಿದ್ದ ಬೀಗದ ಕೈ ಸಿಕ್ಕವನು ಮಾಡಬೇಕಾದುದನ್ನೇ. ಒಳಗಿಣುಕದೆ ಅದನ್ನು ಮುಚ್ಚಿಬಿಡಬೇಕು. ಸಿಕ್ಕಿತೆಂದು ಅದರಲ್ಲಿ ಒಂದು ಚಿತ್ರ ನೋಡಿದರೂ ಅದು ಅನ್ಯರ ಸೊತ್ತಿನ ಭೋಗವೇ.

ಆತಿಥೇಯನಿಗೂ ಇಲ್ಲಿ ಕರ್ತವ್ಯಗಳಿವೆ. ಯಾವುದಕ್ಕೆ ಅವಕಾಶವಿದೆ, ಯಾವುದಕ್ಕಿಲ್ಲ, ಯಾವುದಕ್ಕೆ ಶುಲ್ಕವೆಷ್ಟು ಎಂಬುದನ್ನು ಕೋಣೆ ಕೊಡುವ ಮುನ್ನವೇ ಅವನು ಹೇಳತಕ್ಕದ್ದು. ಶುಲ್ಕಕ್ಕಾಗಿ ಹಾಕಿದ ಬೀಗವನ್ನು ರಕ್ಷಣೆಯ ಬೀಗವೆಂದು ಕರೆಯತಕ್ಕದ್ದಲ್ಲ. ಅತಿಥಿ ತೆರಳಿದ ಮೇಲೆ ಅವನ ಖಾತೆಯ ಗುರುತುಗಳು ತಾವಾಗಿಯೇ ಅಳಿಸಿಹೋಗುವ ವ್ಯವಸ್ಥೆಗಳು ಈಗ ಬಂದಿವೆ. ತಂಗುವವನ ಫೋನಿಗೂ ಅವನ ಕೋಣೆಯ ಪರದೆಗೂ ಮಾತ್ರ ನಂಟು ಬೆಸೆದು, ನೆರೆಯವನಿಂದ ಮರೆಯಾಗಿಡುವ ಏರ್ಪಾಡುಗಳೂ ಇವೆ. ಇಂತಹವನ್ನು ಅಳವಡಿಸಿದ ಕಡೆ ಅತಿಥಿಯು ತಂತಿ ಕೀಳುವ ಪ್ರಸಂಗವೇ ಬರುವುದಿಲ್ಲ. ಪ್ರಾಮಾಣಿಕ ಮಾರ್ಗವನ್ನು ಸುಲಭಗೊಳಿಸುವುದೂ ಒಂದು ಬಗೆಯ ಸತ್ಕಾರ.

ಆದರೆ ಆತಿಥೇಯನು ತನ್ನ ಕರ್ತವ್ಯದಲ್ಲಿ ತಪ್ಪಿದರೆ ಅತಿಥಿಯು ತನ್ನದರಲ್ಲಿಯೂ ತಪ್ಪಬಹುದೆಂಬ ತರ್ಕ ನಿಲ್ಲದು. ಅನ್ಯಾಯದ ಶುಲ್ಕ ಕಂಡರೆ ಪ್ರಶ್ನಿಸೋಣ, ದೂರು ಕೊಡೋಣ, ಮುಂದಿನ ಸಲ ಬೇರೆಡೆ ಇಳಿಯೋಣ. ನ್ಯಾಶ್‌ವಿಲ್‌ನಲ್ಲಿ ದೊಡ್ಡ ಸಂಸ್ಥೆಯೊಂದನ್ನು ತಿದ್ದಿದ್ದು ಯಾರೋ ರಹಸ್ಯವಾಗಿ ಬಿಡಿಸಿದ ಬೀಗವಲ್ಲ. ಬಹಿರಂಗವಾಗಿ ಬರೆದುಕೊಟ್ಟ ಒಂದು ದೂರು. ಗುಟ್ಟಾಗಿ ಬೀಗ ಬಿಡಿಸಿದವನು ತನ್ನೊಬ್ಬನ ರಾತ್ರಿಯನ್ನು ಸುಗಮಗೊಳಿಸಿಕೊಳ್ಳುತ್ತಾನೆ. ಬಾಯಿಬಿಟ್ಟು ಕೇಳಿದವನು ತನ್ನ ಹಿಂದೆ ಬರುವ ಸಾವಿರ ಜನರಿಗೆ ದಾರಿಮಾಡಿಕೊಡುತ್ತಾನೆ.

ಆದುದರಿಂದ ಸ್ವಂತ ಸಾಧನವನ್ನು ಹೊತ್ತು ಪ್ರವಾಸ ಹೊರಡುವವರು ಮೂರು ನಿಯಮಗಳನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ತೆರೆದಿರುವುದನ್ನು ಬಳಸಬೇಕು, ಮುಚ್ಚಿರುವುದನ್ನು ಕೇಳಬೇಕು, ಹೊರಡುವಾಗ ಸಾಧನವನ್ನು ಕಳಚಿ, ಖಾತೆಯನ್ನು ಮುಚ್ಚಿ, ಟೆಲಿವಿಷನ್ನನ್ನು ಮೊದಲಿದ್ದ ಸ್ಥಿತಿಗೆ ತಂದಿಡಬೇಕು. ಇದಕ್ಕೆ ಹಿಡಿಯುವ ಕಾಲ ಎರಡು ನಿಮಿಷ. ಆ ಎರಡು ನಿಮಿಷವನ್ನು ನಾವು ಕೊಡುವುದು, ನಮ್ಮ ಹೆಸರನ್ನೂ ಅರಿಯದೆ ಆ ಸಂಜೆ ಅದೇ ಕೋಣೆಯ ಬಾಗಿಲನ್ನು ತೆರೆಯುವವರಿಗಾಗಿ.