ನಾಳೆ ಎಂಬ ಮಾತು

ದಿನದ ಕೊನೆಯಲ್ಲಿ ‘ಶ್ರೀಕೃಷ್ಣಾರ್ಪಣಮಸ್ತು’ ಎಂದು ಕೈಮುಗಿಯುವುದು ನಮ್ಮ ಮನೆಗಳ ರೂಢಿ. ಮಾಡಿದ ಕರ್ಮವನ್ನು ಅದರ ಕೊರತೆಗಳೊಡನೆಯೇ ಭಗವಂತನಿಗೆ ಒಪ್ಪಿಸಬಹುದು. ಮಾಡದೆ ಬಿಟ್ಟ ಕರ್ಮವನ್ನು ಒಪ್ಪಿಸುವುದೆಂತು? ಈ ಪ್ರಶ್ನೆ ನಮ್ಮನ್ನು ಕೆಲಕಾಲದಿಂದ ಕಾಡುತ್ತಿದೆ. ಅದಕ್ಕೊಂದು ಕಾರಣವಿದೆ.

ಉರ್ವದ ನಮ್ಮ ಮನೆಯಲ್ಲಿ ದೊಡ್ಡಮ್ಮ ಒಬ್ಬರಿದ್ದರು. ಉರುಟಣೆಯ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು ಎಲ್ಲವೂ ಅವರಿಗೆ ಬಾಯಿಪಾಠ. ಅವುಗಳಲ್ಲಿ ಹಲವು ಯಾವ ಪುಸ್ತಕದಲ್ಲಿಯೂ ನಮಗೆ ದೊರೆತಿರಲಿಲ್ಲ. ಬರೆದಿಡಬೇಕೆಂದು ಒಂದು ದಪ್ಪ ಪುಸ್ತಕವನ್ನು ತಂದಿರಿಸಿದೆವು. ಸಂಜೆ ದೇವರಿಗೆ ದೀಪವಿಟ್ಟು ಬಂದು, “ಇವತ್ತು ಬರೆಯುತ್ತೀಯಾ ಮಗಾ?” ಎಂದು ಅವರು ಕೇಳುವರು. “ನಾಳೆ ಬರೆಯುವ ದೊಡ್ಡಮ್ಮ” ಎಂದು ನಾವು ಹೇಳುವೆವು. ಆಟಿಯ ಮಳೆ ಕಳೆಯಲಿ ಎಂದೆವು. ನವರಾತ್ರಿಯ ಗಡಿಬಿಡಿ ಮುಗಿಯಲಿ ಎಂದೆವು. ಒಂದು ಹಾಡನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಲು ಐದು ನಿಮಿಷ ಸಾಕಿತ್ತು. ಆ ಐದು ನಿಮಿಷಗಳನ್ನು ಅದೇ ಮೊಬೈಲಿನಲ್ಲಿ ಬೇರೇನನ್ನೋ ನೋಡುತ್ತ ಕಳೆದೆವು. ಮಾಘಮಾಸದಲ್ಲಿ ದೊಡ್ಡಮ್ಮ ಹರಿಪಾದ ಸೇರಿದರು. ಪುಸ್ತಕದಲ್ಲಿ ಇರುವುದು ಒಂದೂವರೆ ಪುಟ.

ಇದನ್ನು ಸೋಮಾರಿತನವೆಂದು ಹೇಳಿ ಮುಗಿಸಬಹುದೆ? ಆ ತಿಂಗಳುಗಳಲ್ಲಿ ನಾವು ಸುಮ್ಮನೆ ಕುಳಿತಿರಲಿಲ್ಲ. ಹತ್ತಾರು ಕೆಲಸಗಳನ್ನು ಮಾಡಿದೆವು, ಈ ಒಂದನ್ನು ಬಿಟ್ಟು. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ತಾಮಸ ಕರ್ತೃವಿನ ಲಕ್ಷಣಗಳನ್ನು ಹೇಳುವ ಶ್ಲೋಕದಲ್ಲಿ ‘ಅಲಸ’ನೆಂಬ ಪದವಿದೆ, ಅದಲ್ಲದೆ ‘ದೀರ್ಘಸೂತ್ರೀ’ ಎಂಬ ಪದವು ಬೇರೆಯಾಗಿಯೇ ಇದೆ. ಕೆಲಸವನ್ನು ಎಳೆಯುತ್ತ ಮುಂದಕ್ಕೆ ಹಾಕುವವನು ಎಂಬುದು ಅದರ ಪ್ರಸಿದ್ಧವಾದ ಅರ್ಥ. ಆದುದರಿಂದ ಆಲಸ್ಯ ಬೇರೆ, ಮುಂದೂಡುವಿಕೆ ಬೇರೆ.

ಶ್ರೀಮದಾಚಾರ್ಯರಾದರೋ ಈ ಪದವನ್ನು ‘ದೀರ್ಘಸೂಚೀ’ ಎಂದು ಗ್ರಹಿಸಿ, ಬಹುಕಾಲದ ಹಿಂದೆ ಇತರರು ಮಾಡಿದ ದೋಷವನ್ನು ಎತ್ತಿ ಸೂಚಿಸುವವನು ಎಂಬ ಅರ್ಥವನ್ನು ತಿಳಿಸಿದ್ದಾರೆ. ಮೇಲುನೋಟಕ್ಕೆ ಇವೆರಡೂ ದೂರದ ಅರ್ಥಗಳು. ಆದರೆ ದೊಡ್ಡಮ್ಮನ ವೈಕುಂಠ ಸಮಾರಾಧನೆಯ ದಿನ ನಮ್ಮ ಬಾಯಿಂದ ಬಂದ ಮಾತು ಯಾವುದು? “ಅವರ ಮಕ್ಕಳಾದರೂ ಅಂದೇ ಬರೆದುಕೊಳ್ಳಬಹುದಿತ್ತು” ಎಂಬುದು. ಒಬ್ಬನು ನಾಳೆಯಲ್ಲಿ ಅಡಗುತ್ತಾನೆ. ಇನ್ನೊಬ್ಬನು ಪರರ ನಿನ್ನೆಯಲ್ಲಿ ಅಡಗುತ್ತಾನೆ. ಇಂದಿನ ಕರ್ತವ್ಯದೆದುರು ಇಬ್ಬರೂ ಇಲ್ಲ. ಆ ಎರಡೂ ದೋಷಗಳು ನಮ್ಮೊಬ್ಬರಲ್ಲಿಯೇ ಇದ್ದುವೆಂಬುದನ್ನು ಒಪ್ಪದೆ ಗತಿಯಿಲ್ಲ.

ಹಾಗಾದರೆ ತಡಮಾಡುವುದೆಲ್ಲವೂ ದೋಷವೆ? ಅಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮರು ಎರಡು ಕಥೆಗಳನ್ನು ಹೇಳುತ್ತಾರೆ. ಮೂರು ಮೀನುಗಳಲ್ಲಿ ದೀರ್ಘಸೂತ್ರನೆಂಬುದು ಅಪಾಯದ ಸೂಚನೆಯಿದ್ದರೂ ಕದಲದೆ ಬೆಸ್ತರ ಕೈಗೆ ಸಿಕ್ಕಿ ಸತ್ತಿತು. ಗೌತಮನ ಮಗನಾದ ಚಿರಕಾರಿಯಾದರೋ, ಕೋಪದಲ್ಲಿ ತಂದೆಯು ತಾಯಿಯನ್ನು ಕೊಲ್ಲೆಂದು ಆಜ್ಞಾಪಿಸಿದಾಗ, ತಂದೆಯ ಮಾತು ಹಿರಿದೋ ತಾಯಿಯ ಪ್ರಾಣ ಹಿರಿದೋ ಎಂದು ಬಹಳ ಹೊತ್ತು ಯೋಚಿಸುತ್ತ ನಿಂತನು. ಅಷ್ಟರಲ್ಲಿ ತಂದೆಗೆ ಪಶ್ಚಾತ್ತಾಪವಾಯಿತು, ತಾಯಿ ಬದುಕಿದಳು, ಮಗನು ಪ್ರಶಂಸೆಗೆ ಪಾತ್ರನಾದನು. ಇಬ್ಬರೂ ತಡಮಾಡಿದವರೇ. ಆದರೆ ಚಿರಕಾರಿಯ ಮನಸ್ಸು ತಡಮಾಡಿದಷ್ಟು ಹೊತ್ತೂ ಆ ಕಾರ್ಯದಲ್ಲಿಯೇ ನೆಟ್ಟಿತ್ತು. ತಡಮಾಡುವಾಗ ನಾವು ಆ ಕೆಲಸವನ್ನೇ ವಿಚಾರಿಸುತ್ತಿರುವೆವೊ, ಅದನ್ನು ಮರೆಯಲು ಬೇರೊಂದನ್ನು ಹುಡುಕುತ್ತಿರುವೆವೊ ಎಂದು ಕೇಳಿಕೊಂಡರೆ ವಿವೇಕಕ್ಕೂ ನೆವಕ್ಕೂ ಇರುವ ಅಂತರ ತಿಳಿಯುತ್ತದೆ.

ಪರಿಹಾರವನ್ನು ದೂರ ಹುಡುಕಬೇಕಾಗಿಲ್ಲ. ಉಡುಪಿಯ ಪರ್ಯಾಯವು ಎರಡು ವರ್ಷಗಳಿಗೊಮ್ಮೆ ಜನವರಿ 18ರ ಮುಂಜಾವಿನಲ್ಲಿ ಕೈಬದಲಾಗುತ್ತದೆ. ಎರಡು ವರ್ಷಗಳ ಪೂಜೆ, ಅನ್ನದಾನಗಳ ಆ ಮಹಾಕಾರ್ಯಕ್ಕೆ ಸಿದ್ಧತೆ ಆರಂಭವಾಗುವುದು ಸುಮಾರು ಒಂದು ವರ್ಷದ ಮೊದಲು, ಬಾಳೆಯ ಕಂದುಗಳನ್ನು ನೆಡುವುದರಿಂದ. ಬಾಳೆ ಮುಹೂರ್ತದ ಬಳಿಕ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಎಲೆ ಬೇಕಾದ ದಿನ ಬಾಳೆಯನ್ನು ನೆಟ್ಟರೆ ಫಲವೇನು? ಹಿರಿಯರು ದೊಡ್ಡ ಕಾರ್ಯವನ್ನು ಸಣ್ಣ ಸಣ್ಣ ಕಾರ್ಯಗಳಾಗಿ ಒಡೆದು, ಒಂದೊಂದಕ್ಕೂ ದಿನ ಗೊತ್ತುಮಾಡಿ, ದೇವರ ಪ್ರಾರ್ಥನೆಯೊಡನೆ ತೊಡಗಿಸಿದರು. ಸಂಧ್ಯಾವಂದನೆಗೆ ಹೊತ್ತು ನಿಯತವಾಗಿರುವುದೂ ಇದೇ ವಿವೇಕದಿಂದ. ಮನಸ್ಸು ಬಂದಾಗ ಮಾಡುವೆನೆಂದರೆ ಮನಸ್ಸು ಬರುವುದೇ ಇಲ್ಲ. ಚಂಚಲವಾದ ಮನಸ್ಸನ್ನು ಅಭ್ಯಾಸದಿಂದಲೂ ವೈರಾಗ್ಯದಿಂದಲೂ ಹಿಡಿಯಬೇಕೆಂದು ಶ್ರೀಕೃಷ್ಣನು ಅರ್ಜುನನಿಗೆ ಹೇಳಿದನು. ನಿಯತವಾದ ಹೊತ್ತಿಗೆ ಕುಳಿತುಕೊಳ್ಳುವುದು ಅಭ್ಯಾಸ. ಆ ಹೊತ್ತಿನಲ್ಲಿ ಮೊಬೈಲನ್ನು ಒಳಕೋಣೆಯಲ್ಲಿಟ್ಟು ಬರುವುದು ನಮ್ಮಂಥವರ ಪಾಲಿನ ಸಣ್ಣ ವೈರಾಗ್ಯ.

ದೊಡ್ಡಮ್ಮನ ತಂಗಿ, ನಮ್ಮ ಚಿಕ್ಕಮ್ಮ, ಇನ್ನೂ ಇದ್ದಾರೆ. ಅವರಿಗೆ ಎಲ್ಲ ಹಾಡುಗಳೂ ನೆನಪಿಲ್ಲ. ನೆನಪಿರುವುದರಲ್ಲಿಯೂ ನಡುನಡುವೆ ನುಡಿಗಳು ತಪ್ಪುತ್ತವೆ. ಶನಿವಾರ ಸಂಜೆ ಅದೇ ಪುಸ್ತಕವನ್ನು ಹಿಡಿದು ಅವರಲ್ಲಿಗೆ ಹೋಗುತ್ತೇವೆ. ವಾರಕ್ಕೊಂದು ಹಾಡು, ಹೆಚ್ಚಿಲ್ಲ. ಈವರೆಗೆ ಏಳು ಆಗಿವೆ. ತಪ್ಪಿದ ನುಡಿಗಳಿಗಾಗಿ ಜಾಗ ಬಿಟ್ಟಿದ್ದೇವೆ. ಆ ಜಾಗ ತುಂಬಲಾರದೆಂದು ಬಲ್ಲೆವು. ಬರೆದುದನ್ನು ಅರ್ಪಿಸುತ್ತೇವೆ, ಬಿಟ್ಟುಹೋದುದಕ್ಕೆ ಕ್ಷಮೆ ಬೇಡುತ್ತೇವೆ. ಓದುವ ಸಜ್ಜನರ ಮನೆಗಳಲ್ಲಿಯೂ ಸಂಜೆಯ ಹೊತ್ತು ಯಾರಾದರೂ “ಇವತ್ತು ಬರೆಯುತ್ತೀಯಾ?” ಎಂದು ಕೇಳುತ್ತಿದ್ದರೆ, ಪುಸ್ತಕವನ್ನು ಇವತ್ತೇ ತೆರೆಯಿರಿ.

॥ ಶ್ರೀಕೃಷ್ಣಾರ್ಪಣಮಸ್ತು ॥