ಅಂತ್ಯಕಾಲದ ಇಚ್ಛಾಪತ್ರ

ತನ್ನ ಹೊಲಮನೆಗಳು ಯಾರಿಗೆ ಸೇರಬೇಕೆಂಬುದನ್ನು ಮನುಷ್ಯನು ಮರಣಶಾಸನದಲ್ಲಿ ಬರೆದಿಡುತ್ತಾನೆ. ಕಡೆಗಾಲದಲ್ಲಿ ತನ್ನ ದೇಹಕ್ಕೆ ಯಾವ ಚಿಕಿತ್ಸೆ ಸಲ್ಲಬೇಕು, ಯಾವುದು ಸಲ್ಲಬಾರದು ಎಂಬುದನ್ನು ಮಾತ್ರ ಹೇಳದೆಯೇ ಹೋಗುತ್ತಾನೆ. ಆಸ್ತಿಗಿಂತಲೂ ಹತ್ತಿರವಾದುದು ದೇಹವಲ್ಲವೆ? ಆದರೂ ಈ ಮೌನವನ್ನು ಲೋಕವು ಶುಭವೆಂದೇ ಎಣಿಸಿದೆ. ಆ ಎಣಿಕೆಯು ಸರಿಯೆ ಎಂಬುದು ವಿಚಾರಣೀಯ.

ಬುಕ್ಕಸಾಗರದ ಮನೆಯೊಂದರಲ್ಲಿ ವೃದ್ಧರೊಬ್ಬರು ಪ್ರಜ್ಞೆ ತಪ್ಪಿದರೆಂದು ಊಹಿಸಬಹುದು. ಅವರನ್ನು ಹೊಸಪೇಟೆಗೂ, ಅಲ್ಲಿಂದ ಬಳ್ಳಾರಿಗೂ ಒಯ್ಯುವರು. ಯಂತ್ರವು ಉಸಿರಾಡಿಸುತ್ತಿರುವುದು, ಚೇತರಿಕೆಯ ಆಸೆಯಿಲ್ಲವೆಂದು ವೈದ್ಯರು ನುಡಿಯುವರು. ಹಿರಿಯ ಮಗನು ಆಗ ಏನು ಹೇಳಬೇಕು? "ಸಾಕು" ಎಂದರೆ ತಂದೆಯನ್ನು ಕೈಬಿಟ್ಟೆನೆಂಬ ಅಳುಕು. "ನಡೆಯಲಿ" ಎಂದರೆ ವ್ಯರ್ಥವಾಗಿ ನೋಯಿಸಿದೆನೆಂಬ ಅಳುಕು. ತಂದೆಯು ಆಡದೆ ಉಳಿಸಿದ ಮಾತಿನ ಭಾರವನ್ನು ಮಗನು ಬಾಳುದ್ದಕ್ಕೂ ಹೊರಬೇಕಾಗುವುದು.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. 1973ರಲ್ಲಿ ದುಷ್ಟನೊಬ್ಬನ ಆಕ್ರಮಣಕ್ಕೆ ತುತ್ತಾಗಿ, 2015ರಲ್ಲಿ ಕಾಲವಾಗುವವರೆಗೆ ಹಾಸಿಗೆಯಲ್ಲಿಯೇ ಇದ್ದರು. ಅವರ ವಿಷಯವು 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಬಿಡುಗಡೆ ಬೇಡಿದವರೂ ಇದ್ದರು. ಉಳಿಸಿಕೊಳ್ಳುವೆವೆಂದು ಅಕ್ಕರೆಯಿಂದ ಸೇವೆಮಾಡಿದ ದಾದಿಯರೂ ಇದ್ದರು. ನ್ಯಾಯಾಲಯವು ದಾದಿಯರ ಮಾತನ್ನೇ ಮನ್ನಿಸಿತು. ಅರುಣಾ ಅವರ ಸ್ವಂತ ಮಾತೊಂದು ಮಾತ್ರ ಅಲ್ಲಿರಲಿಲ್ಲ.

ಆ ಕೊರತೆಗೆ ದಾರಿಯು ಮುಂದೆ ತೆರೆಯಿತು. 2018ರ ಮಾರ್ಚ್ 9ರಂದು ಅದೇ ನ್ಯಾಯಾಲಯವು, ಗೌರವದಿಂದ ಸಾಯುವುದೂ ಸಂವಿಧಾನದ 21ನೆಯ ವಿಧಿಯಲ್ಲಿ ಅಡಗಿದೆಯೆಂದು ಸಾರಿ, ಸ್ವಸ್ಥಚಿತ್ತರಾದ ವಯಸ್ಕರು ಇಂತಹ ನಿರ್ದೇಶನವನ್ನು ಮುಂಚಿತವಾಗಿ ಬರೆದಿಡಬಹುದೆಂದಿತು. ಆಗ ಮ್ಯಾಜಿಸ್ಟ್ರೇಟರ ಮೇಲುರುಜು ಬೇಕಾಗಿದ್ದಿತು. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ರುಜುವೂ ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣವೂ ಸಾಕೆಂದು ವಿಧಿಸಿತು. ಇದನ್ನು ನಡೆಸಲು ಕರ್ನಾಟಕ ಸರ್ಕಾರವು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು.

ಇದು ಆತ್ಮಹತ್ಯೆಗೆ ಸಮಾನವೆಂದು ಕೆಲವರು ಆಕ್ಷೇಪಿಸುವರು. ಮಹಾಭಾರತದ ಭೀಷ್ಮನನ್ನು ಅವರು ನೆನೆಯಲಿ. ಶರಶಯ್ಯೆಯಲ್ಲಿದ್ದ ಅವನಲ್ಲಿಗೆ ಬಾಣಗಳನ್ನು ಕೀಳಬಲ್ಲ ವೈದ್ಯರು ಬಂದರು. ಅವನು ಅವರನ್ನು ಸತ್ಕರಿಸಿ ಹಿಂದಿರುಗಿಸೆಂದು ದುರ್ಯೋಧನನಿಗೆ ಹೇಳಿದನು. ಆದರೆ ತಲೆಗೆ ಆಸರೆಯನ್ನೂ ಬಾಯಾರಿಕೆಗೆ ನೀರನ್ನೂ ಅರ್ಜುನನಿಂದ ಪಡೆದನು. ಚಿಕಿತ್ಸೆಯನ್ನು ಬೇಡವೆಂದವನು ಆರೈಕೆಯನ್ನು ಬೇಡವೆನ್ನಲಿಲ್ಲ. ಅವನು ಇಚ್ಛಾಮರಣಿಯೆಂಬುದು ನಿಜ. ಆದರೆ ವೈದ್ಯರನ್ನು ಹಿಂದಿರುಗಿಸಲು ವರವೇನೂ ಬೇಕಿಲ್ಲ, ವಿವೇಕ ಸಾಕು. ಇಂದಿನ ವಿಧಿಯೂ ವಿಷವುಣಿಸಿ ಕೊಲ್ಲುವುದನ್ನು ಒಪ್ಪದು. ನಿಷ್ಫಲವಾದ ಚಿಕಿತ್ಸೆಯನ್ನು ನಿಲ್ಲಿಸಿ, ನೋವನ್ನು ಶಮನಗೊಳಿಸುವುದನ್ನಷ್ಟೆ ಒಪ್ಪುವುದು.

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು. ಆಸ್ತಿಯ ಆಸೆಗೋ ಆಸ್ಪತ್ರೆಯ ವೆಚ್ಚಕ್ಕೋ ಅಂಜಿ ಮಕ್ಕಳೇ ಹಿರಿಯರಿಂದ ರುಜು ಹಾಕಿಸಿಕೊಂಡರೆ? ಅದನ್ನರಿತೇ ಪತ್ರದೊಂದಿಗೆ ತೀರ್ಮಾನವು ಮುಗಿಯದಂತೆ ಏರ್ಪಾಡಾಗಿದೆ: ಮೂವರು ವೈದ್ಯರ ಮೊದಲ ಮಂಡಲಿಯು ರೋಗಿಯನ್ನು ನೋಡಬೇಕು, ಮೂವರ ಎರಡನೆಯ ಮಂಡಲಿಯು ಅದನ್ನು ಸಮ್ಮತಿಸಬೇಕು, ನಿಲ್ಲಿಸುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆದರೂ ಬಡತನದ ಒತ್ತಾಯವನ್ನು ಯಾವ ಮಂಡಲಿಯೂ ಪೂರ್ಣವಾಗಿ ಕಾಣಲಾರದು. ಹಣವಿಲ್ಲದುದರಿಂದ "ಬೇಡ" ಎಂದವನು ಸ್ವೇಚ್ಛೆಯಿಂದ ನುಡಿದವನಲ್ಲ. ಬಡವನಿಗೂ ಚಿಕಿತ್ಸೆಯು ದೊರೆಯುವಂತಿರುವ ಕಡೆಯಲ್ಲಿಯೇ ಅದನ್ನು ನಿರಾಕರಿಸುವ ಹಕ್ಕಿಗೆ ಅರ್ಥವುಂಟು.

ಆದುದರಿಂದ ಪತ್ರವು ಮೊದಲನೆಯದಲ್ಲ, ಮಾತು ಮೊದಲನೆಯದು. ಭೀಷ್ಮನು ತನ್ನ ಮನಸ್ಸನ್ನು ಎರಡು ಪಕ್ಷದವರೂ ಕೇಳುವಂತೆ ತಿಳಿಸಿದನು. ಅಂತೆಯೇ ಹಿರಿಯರು ಬುದ್ಧಿ ಸ್ಪಷ್ಟವಾಗಿರುವಾಗಲೇ ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಹೇಳಿ, ಬಳಿಕ ಬರೆಯುವುದು ಯುಕ್ತ. ಮನಸ್ಸು ಬದಲಾದರೆ ಬರೆದುದನ್ನು ತಿದ್ದಲೂ ರದ್ದುಮಾಡಲೂ ಅವಕಾಶವಿದೆ. ಮಕ್ಕಳಿಗೆ ಸಾಲವನ್ನು ಉಳಿಸಿಹೋಗಬಾರದೆಂದು ಬಯಸುವ ಗೃಹಸ್ಥನು, ಅವರಿಂದ ತೀರಿಸಲಾಗದ ಈ ಸಂದೇಹದ ಸಾಲವನ್ನೂ ಉಳಿಸದೆ ಹೋಗುವುದು ಧರ್ಮ.